ಸುಂಕದವನಿಗೆ ಐದು ನಕ್ಷತ್ರ

ಸಂತೆ ಮುಗಿದ ಸಂಜೆ ಎಲ್ಲರಿಗಿಂತ ಹಗುರಾಗಿ ಮನೆ ಸೇರುವವನು ಯಾರು ಹೇಳಿ? ಟೊಮೇಟೊ ಮಾರಿದವನಲ್ಲ, ಅವನ ಬುಟ್ಟಿಯ ತಳದಲ್ಲಿ ಅರ್ಧ ಕೊಳೆತ ಹಣ್ಣು ಇನ್ನೂ ಉಳಿದಿರುತ್ತದೆ. ಕೊಂಡವನೂ ಅಲ್ಲ; ‘ಇದಕ್ಕೆ ಇಷ್ಟು ಕೊಟ್ಟು ಬಂದ್ರಾ?’ ಎಂಬ ಪ್ರಶ್ನೆ ಮನೆ ಬಾಗಿಲಲ್ಲೇ ಕಾದು ನಿಂತಿರುತ್ತದೆ. ಹಗುರಾಗಿ ಹೋಗುವವನು ಚೀಟಿ ಹರಿದು ಕೊಟ್ಟು ಸುಂಕ ಎತ್ತಿದವನು. ಪಂಚಾಯ್ತಿಯ ಹರಾಜಿನಲ್ಲಿ ವರ್ಷದ ಸುಂಕ ಹಿಡಿದವನಿಗೆ ಮಳೆ ಬಂದರೆ ನೆನೆಯಲು ಸರಕಿಲ್ಲ, ಬಿಸಿಲಾದರೆ ಬಾಡಲು ಸೊಪ್ಪಿಲ್ಲ. ತಕ್ಕಡಿ ತಪ್ಪಿದರೆ ಜಗಳ ಅವನದಲ್ಲ, ಕೊಂಡ ಕುರಿ ಕುಂಟಿದರೆ ಹೊಣೆ ಅವನದಲ್ಲ. ಒಂದು ಚೀಟಿ ಪುಸ್ತಕ, ಕಂಕುಳಲ್ಲೊಂದು ಚೀಲ, ಯಾರ ಗೋಳೂ ಕೇಳಿಸದ ಎರಡು ಕಿವಿ, ಇಷ್ಟೇ ಬಂಡವಾಳ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಗಾದೆ ಹುಟ್ಟಿದ್ದು ಆ ಕಿವಿಗಳನ್ನು ನೋಡಿಯೇ ಇರಬೇಕು.

ಇಂಥ ಸುಖದ ಉದ್ಯೋಗ ಓದಿದವರ ಕಣ್ಣಿಗೆ ಇಷ್ಟು ಕಾಲ ಬೀಳದೇ ಹೋದದ್ದೇ ಸೋಜಿಗ. ಕೊನೆಗೂ ಬಿದ್ದದ್ದು 1995ರಲ್ಲಿ, ಅಮೆರಿಕದಲ್ಲಿ. ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ಇಂಟರ್‌ನೆಟ್ಟಿನಲ್ಲಿ ಒಂದು ಹರಾಜು ಕಟ್ಟೆ ಹಾಕಿದ. ಮುಂದೆ ಇಬೇ ಎಂದು ಹೆಸರಾದದ್ದು ಅದೇ. ಅಲ್ಲಿ ಮೊದಲು ಬಿಕರಿಯಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ‘ಸ್ವಾಮಿ, ಇದು ಕೆಟ್ಟಿದೆ, ಗೊತ್ತು ತಾನೆ?’ ಅಂತ ವಿಚಾರಿಸಿದರೆ, ‘ಗೊತ್ತು, ನಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಕೂಡಿಹಾಕುವವನು’ ಎಂದನಂತೆ ಪುಣ್ಯಾತ್ಮ. ಯಾರ ಹತ್ತಿರ ಏನೇ ಇರಲಿ, ಅದಕ್ಕೊಬ್ಬ ಗಿರಾಕಿ ಎಲ್ಲೋ ಕೂತಿದ್ದಾನೆ. ಇಬ್ಬರ ನಡುವೆ ನಿಂತವನಿಗೆ ಸುಂಕ ಖಾಯಂ. ಇದಕ್ಕೆ ಅನುಮಾನ ಪಡುವವರು ಅಮೆಜಾನಿನಲ್ಲಿ ಬೆರಣಿ ಹುಡುಕಿ ನೋಡಬಹುದು. 2019ರಲ್ಲಿ ಅಲ್ಲೇ ಅರ್ಧ ಹೋಳಾದ ತೆಂಗಿನ ಕರಟಕ್ಕೆ ಸಾವಿರ ರೂಪಾಯಿಗೂ ಮಿಕ್ಕಿ ಬೆಲೆ ಹಚ್ಚಿದ್ದನ್ನು ಕಂಡು ಇಡೀ ಕರಾವಳಿ ತನ್ನ ಹಿತ್ತಲ ಕಡೆ ತಿರುಗಿ ನೋಡಿತ್ತು.

ನಮ್ಮ ಕೋರಮಂಗಲದ ಮನೆಯೊಂದರಲ್ಲಿ 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬಿಬ್ಬರು (ಅಣ್ಣತಮ್ಮಂದಿರಲ್ಲ, ಅಡ್ಡಹೆಸರು ಮಾತ್ರ ಒಂದೇ) ಫ್ಲಿಪ್‌ಕಾರ್ಟ್ ಶುರುಮಾಡಿದಾಗ ಅವರಿನ್ನೂ ಅಂಗಡಿಕಾರರೇ ಆಗಿದ್ದರು. ಪುಸ್ತಕ ತಾವೇ ತರಿಸಿ, ತಾವೇ ಕಟ್ಟಿ ಕಳಿಸುತ್ತಿದ್ದರು. 2010ರಲ್ಲಿ ‘ಸಾಮಾನು ಕೈಗೆ ಬಂದ ಮೇಲೆ ಕಾಸು ಕೊಡಿ’ ಎಂದರು ನೋಡಿ, ಯಾರನ್ನೂ ನಂಬದ ನಮ್ಮ ಜನ ಅಲ್ಲಿಗೆ ಬಗ್ಗಿದರು. 2013ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಅಂಗಳವನ್ನು ಬೇರೆ ವ್ಯಾಪಾರಿಗಳಿಗೆ ತೆರೆಯಿತು. ಅದೇ ವರ್ಷ ಜೂನಿನಲ್ಲಿ ಇಲ್ಲಿಗೆ ಕಾಲಿಟ್ಟ ಅಮೆಜಾನ್ ಬಂದದ್ದೇ ಸಂತೆಯಾಗಿ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಸುರಿದು ಫ್ಲಿಪ್‌ಕಾರ್ಟಿನ ಶೇ. 77ರಷ್ಟು ಪಾಲು ಕೊಂಡಿತು. ಚೀಟಿ ಪುಸ್ತಕಕ್ಕೆ ಅಷ್ಟು ಬೆಲೆ!

ಸಂತೆಯಾಗಿಯೇ ಬರಲು ಸುಖವೊಂದೇ ಕಾರಣವಲ್ಲ, ಸರ್ಕಾರವೂ ಕಾರಣ. ವಿದೇಶಿ ದುಡ್ಡಿನವರು ಸಂತೆ ನಡೆಸಬಹುದು, ಆದರೆ ತಾವೇ ಸರಕಿಟ್ಟುಕೊಂಡು ನೇರವಾಗಿ ಗಿರಾಕಿಗೆ ಮಾರಕೂಡದು ಎಂಬ ಹಳೆಯ ಕಟ್ಟುಪಾಡನ್ನು 2016ರಲ್ಲಿ ನಿಯಮವಾಗಿ ಸ್ಪಷ್ಟಪಡಿಸಿದರು. ಒಬ್ಬನೇ ವ್ಯಾಪಾರಿಯಿಂದ ಕಾಲುಭಾಗಕ್ಕಿಂತ ಹೆಚ್ಚು ಮಾರಾಟ ಆಗಬಾರದೆಂದೂ ಸೇರಿಸಿದರು. ನಿಯಮ ಒಂದು ಕಡೆಯಿಂದ ಬಂದರೆ ಉಪಾಯ ಇನ್ನೊಂದು ಕಡೆಯಿಂದ ಬರುತ್ತದೆ. ಸಂತೆ ನಡೆಸುವವನಿಗೂ ಪಾಲಿರುವ ಕೆಲವು ದೊಡ್ಡ ವ್ಯಾಪಾರಿಗಳು ಒಳ್ಳೇ ಜಾಗದಲ್ಲಿ ಕೂತುಬಿಟ್ಟರು. 2019ರ ಫೆಬ್ರವರಿಯಿಂದ ಅದಕ್ಕೂ ಬಿಗಿ ಬಂತು. ಅಮೆಜಾನ್ ಮತ್ತು ನಾರಾಯಣ ಮೂರ್ತಿಯವರ ಕಟಮರನ್ ಕೂಡಿ ನಡೆಸುತ್ತಿದ್ದ ಕ್ಲೌಡ್‌ಟೇಲ್ 2022ರಲ್ಲಿ ಬಾಗಿಲು ಹಾಕಿತು. ನಡುವೆ 2020ರಲ್ಲಿ ಸ್ಪರ್ಧಾ ಆಯೋಗ ‘ಕೆಲವರಿಗೇ ನೆರಳು, ಮಿಕ್ಕವರಿಗೆ ಬಿಸಿಲು ಯಾಕೆ?’ ಎಂದು ತನಿಖೆಗೆ ಹೊರಟಾಗ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ನಮ್ಮ ಹೈಕೋರ್ಟಿಗೇ ಬಂದು ತಡೆಯಲು ನೋಡಿದವು. 2021ರಲ್ಲಿ ಹೈಕೋರ್ಟು ಆಗುವುದಿಲ್ಲ ಎಂದಿತು. ವಕೀಲರ ಗದ್ದಲದಲ್ಲಿ ಒಂದು ಮಾತು ಮಾತ್ರ ಎಲ್ಲರಿಗೂ ಬಾಯಿಪಾಠವಾಯಿತು: ‘ನಾನು ಬರೀ ಜಾಗ ಕೊಟ್ಟವನು.’

ಈ ಮಂತ್ರವನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮನೆಗೊಂದು ಮಿಕ್ಸಿ ತರಿಸಿದ್ದೆವು. ಡಬ್ಬದ ಮೇಲೆ ಮೂರು ಜಾರಿನ ಚಿತ್ರ, ಒಳಗೆ ಎರಡೇ ಜಾರು. ಫೋನು ಮಾಡಿದರೆ ಅತ್ತಲಿಂದ ಬಹಳ ಮರ್ಯಾದೆಯ ದನಿ: ‘ಸರ್, ನಾವು ಬರೀ ಮಾರ್ಕೆಟ್‌ಪ್ಲೇಸ್ ಸರ್, ಸೆಲ್ಲರ್ ಬೇರೆ ಸರ್.’ ಸೆಲ್ಲರ್ ಎಲ್ಲಿ ಎಂದರೆ ಒಂದು ವಿಳಾಸ ಕೊಟ್ಟರು. ದೂರದ ಯಾವುದೋ ಕೈಗಾರಿಕಾ ವಸಾಹತಿನ ಗೋದಾಮಿನ ನಂಬರು. ‘ಜಾಹೀರಾತಿನಲ್ಲಿ ನಿಮ್ಮ ಹೆಸರು, ಡಬ್ಬದ ಮೇಲೆ ನಿಮ್ಮ ಟೇಪು, ತಂದುಕೊಟ್ಟ ಹುಡುಗನ ಅಂಗಿಯ ಮೇಲೆ ನಿಮ್ಮ ಲಾಂಛನ, ಇಲ್ಲದ ಜಾರು ಮಾತ್ರ ಬೇರೆಯವರದ್ದಾ?’ ಅಂದೆ. ‘ಕರೆಕ್ಟ್ ಸರ್’ ಅಂತು ದನಿ, ನನಗೆ ವಿಷಯ ಅರ್ಥವಾಯಿತಲ್ಲ ಎಂಬ ಸಂತೋಷದಲ್ಲಿ. ಈಗ ಆ ದನಿಯೂ ಇಲ್ಲ, ಅದರ ಜಾಗದಲ್ಲಿ ಚಾಟ್‌ಬಾಟ್ ಇದೆ. ನಾವು ಎಷ್ಟು ಕೂಗಾಡಿದರೂ ಅದು ‘ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ’ ಎನ್ನುತ್ತದೆ. ಗಾದೆಯ ಸುಂಕದವನು ಕಡೇಪಕ್ಷ ಅರ್ಥವಾಗುತ್ತದೆ ಅಂತ ಸುಳ್ಳು ಹೇಳುತ್ತಿರಲಿಲ್ಲ.

2020ರ ಗ್ರಾಹಕ ನಿಯಮಗಳ ಪ್ರಕಾರ ಮಾರುವವನ ಹೆಸರು, ವಿಳಾಸ, ಸರಕು ತಯಾರಾದ ದೇಶ ಎಲ್ಲವನ್ನೂ ಕಾಣುವಂತೆ ಹಾಕಬೇಕು. ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ, ತಿಂಗಳೊಳಗೆ ಬಗೆಹರಿಸಬೇಕು. ಸ್ವೀಕರಿಸುವುದರಲ್ಲಿ ಅವರು ಬಹಳ ಚುರುಕು, ಅದನ್ನು ಒಪ್ಪಿಕೊಳ್ಳಲೇಬೇಕು.

ಇದು ಕೊಳ್ಳುವವರ ಗೋಳಾಯಿತು. ಮಾರುವವರದ್ದು ಕೇಳಿದರೆ ನಮ್ಮದು ಗೋಳೇ ಅಲ್ಲ. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ರವಿಕೆಯ ಖಣಕ್ಕೆ ಹೆಸರಾದ ಊರು. ಭೌಗೋಳಿಕ ಸೂಚ್ಯಂಕದ ಪಟ್ಟಿಯಲ್ಲಿ ಗುಳೇದಗುಡ್ಡ ಖಣ ಎಂದೇ ದಾಖಲಾಗಿದೆ. ಅವರ ಮಗ ಬಿ.ಕಾಂ. ಮುಗಿಸಿ, ಮನೆಯ ಮಗ್ಗದ ಖಣವನ್ನು ಆನ್‌ಲೈನಿಗೆ ಏರಿಸಿದ. ಬೆಂಗಳೂರಿಗೆ ಬಂದಾಗ ನಮ್ಮಲ್ಲೇ ಇಳಿಯುತ್ತಾನೆ, ನನ್ನನ್ನು ಕಾಕಾ ಅನ್ನುತ್ತಾನೆ, ನನ್ನವಳಿಗೆ ಒಂದು ಖಣ ತಪ್ಪದೆ ತರುತ್ತಾನೆ. ಹಾಗಾಗಿ ನಮ್ಮ ಮನೆಯಲ್ಲಿ ಅವನ ಮಾತಿಗೆ ಬೆಲೆ ಜಾಸ್ತಿ.

‘ಏನ್ ಹೇಳಲಿ ಕಾಕಾ, ಮೊದಲ ವರ್ಷ ಭಾರಿ ಖುಷಿ ಇತ್ರಿ. ಯಾರೋ ಭೋಪಾಲದಾಕಿ, ಯಾರೋ ಗುವಾಹಟಿಯಾಕಿ ನಮ್ಮ ಖಣ ತಗೊಂಡ್ಲು. ನಮ್ಮಪ್ಪ ನಕಾಶಿ ತಗದು ಗುವಾಹಟಿ ಎಲ್ಲೈತಿ ಅಂತ ನೋಡಿದ್ರು’ ಅಂದ.

‘ಈಗ?’

‘ಈಗ ಗುಳೇದಗುಡ್ಡ ಖಣ ಅಂತ ಹುಡುಕ್ರಿ, ಮೊದಲು ಬರೋದು ನಮ್ಮದಲ್ಲ. ಯಾವನೋ ಪಾಲಿಯೆಸ್ಟರ್ ಬಟ್ಟಿ ಮ್ಯಾಲೆ ನಮ್ಮ ಖಣದ ಚಿತ್ರ ಪ್ರಿಂಟ್ ಹೊಡದು ಅರ್ಧ ರೇಟಿಗೆ ಇಟ್ಟಾನ. ಅವನ ಮ್ಯಾಲೆ ನಾ ಕಾಣಬೇಕಂದ್ರ ಆ ಹೆಸರಿಗೆ ಬೋಲಿ ಹಾಕಬೇಕ್ರಿ. ಯಾರು ಒಮ್ಮೆ ಒತ್ತಿದ್ರೂ ನನ್ನ ಜೇಬಿಂದ ಎರಡೋ ಮೂರೋ ರೂಪಾಯಿ ಹೋತು. ಕೊಂಡ್ರೂ ಹೋತು, ಕೊಳ್ಳದಿದ್ರೂ ಹೋತು.’

ನನ್ನವಳು ಕಾಫಿ ಲೋಟ ಇಡುತ್ತಾ, ‘ಅಂದರೆ ನಿಮ್ಮೂರ ಹೆಸರನ್ನೇ ನಿಮಗೆ ಹರಾಜು ಹಾಕ್ತಾರಾ?’ ಅಂದಳು.

‘ಹೌದ್ರಿ ಕಾಕೂ. ದಿನಾ ಹರಾಜು.’

ಹಿಂದೆ ಸಂತೆಯಲ್ಲಿ ಆಲದ ಮರದ ನೆರಳು ಬೇಕಾದರೆ ಕೋಳಿ ಕೂಗುವ ಮುಂಚೆ ಗಾಡಿ ಕಟ್ಟಬೇಕಿತ್ತು. ಈಗ ಮರದ ಒಂದೊಂದು ಕೊಂಬೆಯ ನೆರಳಿಗೂ ನಿಮಿಷನಿಮಿಷಕ್ಕೆ ಸವಾಲು ಕೂಗುತ್ತಾರೆ. ಆನ್‌ಲೈನ್ ಸಂತೆಗಳಲ್ಲಿ ಈಚೆಗೆ ಆಗಿರುವ ದೊಡ್ಡ ಬದಲಾವಣೆ ಯಾವುದು ಅಂತ ನನ್ನನ್ನು ಕೇಳಿದರೆ ಡ್ರೋನೂ ಅಲ್ಲ, ರೋಬೋಟೂ ಅಲ್ಲ, ಇದೇ ಎನ್ನುತ್ತೇನೆ. ಸುಂಕ ಮಾರಾಟದ ಮೇಲಿಂದ ಇಳಿದು ಕಣ್ಣೋಟದ ಮೇಲೆ ಕೂತಿದೆ. ಅಮೆಜಾನ್ ಜಗತ್ತಿನಾದ್ಯಂತ ಜಾಹೀರಾತಿನಿಂದಲೇ ಗಳಿಸಿದ್ದು 2021ರಲ್ಲಿ 3,100 ಕೋಟಿ ಡಾಲರ್. 2024ರಲ್ಲಿ 5,600 ಕೋಟಿ ಡಾಲರ್ ದಾಟಿತು. ಹೆಸರಿಗೆ ಅಂಗಡಿ, ಸಂಪಾದನೆ ಬೋರ್ಡು ಬಾಡಿಗೆಯದ್ದು. ನೀವು ಹುಡುಕಿದ್ದರ ಮೊದಲ ಸಾಲಿನಲ್ಲಿ ಬರುವ ವಸ್ತುವಿನ ಮೂಲೆಯಲ್ಲಿ, ಇರುವೆಯ ಕನ್ನಡಕಕ್ಕಷ್ಟೇ ಕಾಣುವ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದಿರುತ್ತದೆ. ಒಳ್ಳೆಯದು ಮೇಲೆ ಬರುತ್ತದೆಂದು ನಂಬಿದ ನಮಗೆ ಮೇಲೆ ಬಂದದ್ದೆಲ್ಲ ಒಳ್ಳೆಯದಾಗಿ ಕಾಣುತ್ತದೆ.

ಅದಕ್ಕೇ ಈಗ ಎಲ್ಲೆಲ್ಲೂ ‘ಸೊನ್ನೆ ಕಮಿಷನ್’ ಎಂಬ ಧರ್ಮಛತ್ರದ ಮಾತು. ಬೆಂಗಳೂರಿನದೇ ಮೀಶೋ 2021ರಲ್ಲಿ ‘ನಮಗೆ ಕಮಿಷನ್ನೇ ಬೇಡ’ ಎಂದಿತು. 2025ರಲ್ಲಿ ಅಮೆಜಾನ್ 300 ರೂಪಾಯಿಗಿಂತ ಕಡಿಮೆ ಬೆಲೆಯ ಲಕ್ಷಾಂತರ ವಸ್ತುಗಳಿಗೆ ಕಮಿಷನ್ ಬಿಟ್ಟುಕೊಟ್ಟಿತು. ಅದೇ ವರ್ಷ ಫ್ಲಿಪ್‌ಕಾರ್ಟ್ ಸಾವಿರ ರೂಪಾಯಿಯೊಳಗಿನ ಸರಕಿಗೆ ಬೇಡವೆಂದಿತು. ಇಷ್ಟೊಂದು ವೈರಾಗ್ಯ ಒಮ್ಮೆಲೇ ಎಲ್ಲಿಂದ ಬಂತು ಎಂದು ನಮ್ಮ ಗುಳೇದಗುಡ್ಡದ ಹುಡುಗನನ್ನು ಕೇಳಿದೆ. ಅವನು ಬೆರಳು ಮಡಚಿದ: ಸಾಗಣೆಗೆ ಇಷ್ಟು, ಗೋದಾಮಿನಲ್ಲಿಟ್ಟರೆ ಇಷ್ಟು, ದುಡ್ಡು ವಸೂಲಿಗೆ ಇಷ್ಟು, ಬೋಲಿಗೆ ಇಷ್ಟು, ಗಿರಾಕಿ ‘ಫೋಟೊದಲ್ಲಿದ್ದ ಬಣ್ಣ ಇದಲ್ಲ’ ಎಂದು ಹಿಂದಕ್ಕೆ ಕಳಿಸಿದರೆ ಹೋಗಿಬಂದದ್ದಕ್ಕೆ ಇಷ್ಟು. ‘ಕಮಿಷನ್ ಕಾಲಂ ಒಂದು ಖಾಲಿ ಐತ್ರಿ ಕಾಕಾ, ಬಾಜೂಕಿನ ಕಾಲಂ ಎಲ್ಲಾ ತುಂಬ್ಯಾವ.’

ಹಿಂದಕ್ಕೆ ಬರುವ ಸರಕಿನ ಕತೆ ಬೇರೆಯೇ ಒಂದು ಪುರಾಣ. ಮದುವೆಗೆ ಉಟ್ಟು, ಪಾಯಸದ ಕಲೆ ಸಮೇತ ವಾಪಸು ಬಂದ ಸೀರೆಗಳಿವೆ. ಹೊಸ ಫೋನಿನ ಡಬ್ಬದಲ್ಲಿ ಸೋಪು ಬಂದ ಗಿರಾಕಿಯ ಗೋಳು ಪೇಪರಿನಲ್ಲಿ ಬರುತ್ತದೆ, ಸೋಪು ತುಂಬಿದ ಡಬ್ಬ ವಾಪಸು ಪಡೆದ ವ್ಯಾಪಾರಿಯದ್ದು ಬರುವುದಿಲ್ಲ. ಹಾಗಾಗಿ ಈಗ ಕಟ್ಟುವವನು ಕಟ್ಟುವಾಗ ವಿಡಿಯೋ ಹಿಡಿಯುತ್ತಾನೆ, ಬಿಚ್ಚುವವನು ಬಿಚ್ಚುವಾಗ ಹಿಡಿಯುತ್ತಾನೆ. ಅರ್ಧ ಮೀಟರ್ ಬಟ್ಟೆಗೆ ಎರಡು ಕಡೆ ಕ್ಯಾಮೆರಾ. ಸಿನಿಮಾದವರು ಇಷ್ಟು ಎಚ್ಚರದಿಂದ ಚಿತ್ರ ತೆಗೆದಿದ್ದರೆ ನಮ್ಮ ಥಿಯೇಟರುಗಳು ಮುಚ್ಚುತ್ತಿರಲಿಲ್ಲವೇನೋ.

ನಮ್ಮ ಅತ್ತೆಯವರು ಸಂತೆಯ ಕಾಲದವರು. ಎರಡು ರೂಪಾಯಿ ಇಳಿಸಲು ಎರಡು ಫರ್ಲಾಂಗು ನಡೆಯುವಂಥವರು. ಮೊಬೈಲಿನಲ್ಲಿ ಚೌಕಾಸಿ ಇಲ್ಲ ಎಂಬುದೇ ಅವರಿಗೆ ದೊಡ್ಡ ಕೊರತೆ. ‘ಅಳಿಯಂದ್ರೇ, ಹಂಗಾರೆ ಬೇಡ ಬಿಡಪ್ಪ ಅಂತ ಎರಡು ಹೆಜ್ಜೆ ಹೋದರೆ ಇದು ಹಿಂದಿಂದ ಕರೆಯೋದೇ ಇಲ್ಲವಲ್ಲ’ ಅಂದರು. ಕರೆಯುತ್ತದೆ ಅಮ್ಮ, ನೀವು ಸಾಮಾನನ್ನು ಬುಟ್ಟಿಗೆ ಹಾಕಿ ಸುಮ್ಮನೆ ಬಿಟ್ಟುಬಿಡಿ ಅಂದೆ. ಮಾರನೆಯ ಬೆಳಿಗ್ಗೆ ಸುಪ್ರಭಾತಕ್ಕೆ ಮುಂಚೆ ಫೋನು ಟಿಣ್ ಅಂತು: ‘ನಿಮ್ಮ ಕುಕ್ಕರ್ ನಿಮಗಾಗಿ ಕಾಯುತ್ತಿದೆ. ಇನ್ನು ಎರಡೇ ಉಳಿದಿವೆ!’ ಅತ್ತೆಯವರ ಮುಖ ಅರಳಿತು. ಸಂಜೆ ಇನ್ನೊಮ್ಮೆ ಬಂತು, ಐವತ್ತು ರೂಪಾಯಿ ಕಡಿಮೆ. ಮೂರನೇ ದಿನ ಮತ್ತೆ ‘ಎರಡೇ ಉಳಿದಿವೆ’ ಎಂದಾಗ ಅವರು ಕನ್ನಡಕ ಏರಿಸಿ, ‘ಮೊನ್ನೆಯೂ ಎರಡೇ ಇತ್ತು. ಇವನಿಗೆ ಎಣಿಸೋಕೆ ಬರಲ್ಲ, ಇಲ್ಲಾ ಯಾರಿಗೂ ಬೇಡದ ಕುಕ್ಕರು’ ಎಂದು ತೀರ್ಪು ಕೊಟ್ಟರು.

ಅತ್ತೆಯವರ ಆ ತೀರ್ಪಿಗೆ ಕಾನೂನಿನ ಬೆಂಬಲವಿದೆ. 2023ರ ನವೆಂಬರ್ 30ರಂದು ಕೇಂದ್ರದ ಗ್ರಾಹಕ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ಗಳು ಎಂದು ಹದಿಮೂರು ಕುತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಇಲ್ಲದ ಅವಸರ ಹುಟ್ಟಿಸುವುದು ಮೊದಲನೆಯದು. ಕೇಳದ ವಸ್ತುವನ್ನು ಸದ್ದಿಲ್ಲದೆ ಬುಟ್ಟಿಗೆ ಇಳಿಸುವುದು, ‘ಬೇಡ, ನನಗೆ ನನ್ನ ಸಂಸಾರದ ಚಿಂತೆಯಿಲ್ಲ’ ಎಂಬಂಥ ಗುಂಡಿಯನ್ನು ಒತ್ತಿಸಿ ನಾಚಿಕೆಪಡಿಸುವುದು, ಸೇರಲು ಹೆಬ್ಬಾಗಿಲು, ಬಿಡಲು ಬಿಲದಷ್ಟು ಕಿಂಡಿ ಇಡುವುದು, ಮೊದಲು ಒಂದು ಬೆಲೆ ತೋರಿಸಿ ಕೊನೆಗೆ ತೊಟ್ಟುತೊಟ್ಟಾಗಿ ಏರಿಸುವುದು ಎಲ್ಲವೂ ಅದರಲ್ಲಿವೆ. ಓದುತ್ತಾ ಹೋದರೆ ನಮ್ಮ ಬಟ್ಟೆ ಅಂಗಡಿಗಳ ನೆನಪಾಗುತ್ತದೆ. ‘ನಿಮಗೇ ಅಂತ ಎತ್ತಿಟ್ಟಿದ್ದೆ ಅಕ್ಕಾ’, ‘ಬೋಣಿ ಟೈಮು, ಇಲ್ಲ ಅನ್ನಬೇಡಿ’, ‘ನಿಮ್ಮಂಥವರು ರೇಟು ಕೇಳಬಾರದು ಸಾರ್’. ಇವಕ್ಕೆಲ್ಲ ಈಗ ಅಧಿಸೂಚನೆಯ ಗೌರವ ಸಿಕ್ಕಿದೆ.

ತೊಟ್ಟುತೊಟ್ಟಾಗಿ ಏರುವ ವಿಷಯ ಬಂತಲ್ಲ, ನಮ್ಮ ಬೆಂಗಳೂರಿನದೇ ಸ್ವಿಗ್ಗಿ 2023ರ ಏಪ್ರಿಲಿನಲ್ಲಿ ಪ್ಲಾಟ್‌ಫಾರ್ಮ್ ಶುಲ್ಕ ಎಂದು ಎರಡು ರೂಪಾಯಿ ಹಾಕಿತು. ಎರಡು ರೂಪಾಯಿಗೆ ಯಾರು ಜಗಳ ಆಡುತ್ತಾರೆ? ನಾವು ಆಡಲಿಲ್ಲ. ಕೆಲವೇ ತಿಂಗಳಲ್ಲಿ ಜೊಮ್ಯಾಟೊ ಕೂಡ ಹಿಂಬಾಲಿಸಿತು. 2025ರ ಹೊತ್ತಿಗೆ ಎರಡರದ್ದೂ ಹತ್ತು ರೂಪಾಯಿ ದಾಟಿತ್ತು. ಹೋಟೆಲಿನಿಂದ ಕಮಿಷನ್ ಆಯಿತು, ಜಾಹೀರಾತಿನ ದುಡ್ಡಾಯಿತು, ತಂದುಕೊಟ್ಟದ್ದಕ್ಕೆ ಬೇರೆ ಆಯಿತು, ಈಗ ನಾವು ಸಂತೆಗೆ ಕಾಲಿಟ್ಟದ್ದಕ್ಕೂ ಚೀಟಿ. ಊರ ಸುಂಕದವನು ಕೂಡ ಬರಿಗೈಯಲ್ಲಿ ಬಂದ ಗಿರಾಕಿಯ ತಂಟೆಗೆ ಹೋಗುತ್ತಿರಲಿಲ್ಲ.

ನಕ್ಷತ್ರಗಳ ವಿಷಯ ಚುಟುಕಾಗಿ ಮುಗಿಸುತ್ತೇನೆ, ಅದರಲ್ಲಿ ಹುರುಳು ಕಡಿಮೆ. ‘ಇನ್ನೂ ಬಳಸಿಲ್ಲ, ಪ್ಯಾಕಿಂಗ್ ಸೂಪರ್, ಐದು ನಕ್ಷತ್ರ’ ಎಂದು ಬರೆಯುವ ಉದಾರಿಗಳು ನಮ್ಮ ನಾಡಿನಲ್ಲಿ ಬಹಳ. ಡಬ್ಬದೊಳಗೆ ‘ಐದು ನಕ್ಷತ್ರ ಕೊಟ್ಟು ಫೋಟೊ ಕಳಿಸಿದರೆ ಐವತ್ತು ರೂಪಾಯಿ ವಾಪಸು’ ಎಂಬ ಚೀಟಿಯೂ ಬರುತ್ತದೆ. ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನದಂಡ ಮಾಡಿದೆ. ಪ್ರೆಶರ್ ಕುಕ್ಕರಿಗೆ ಐಎಸ್‌ಐ ಗುರುತು ಇದ್ದಂತೆ ಕುಕ್ಕರಿನ ಹೊಗಳಿಕೆಗೂ ಮಾನದಂಡ. ಸಾಹಿತ್ಯ ವಿಮರ್ಶೆಗೂ ಇದನ್ನು ವಿಸ್ತರಿಸಬೇಕೆಂದು ಕೆಲವು ಲೇಖಕಮಿತ್ರರ ಬೇಡಿಕೆ.

ಇನ್ನು ಹತ್ತು ನಿಮಿಷದವರು. ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಜೆಪ್ಟೊ. ಕೊತ್ತಂಬರಿ ಸೊಪ್ಪು ಬೇಕು ಎನಿಸಿದ ಹತ್ತು ನಿಮಿಷಕ್ಕೆ ಅದು ಬಾಗಿಲಲ್ಲಿರುತ್ತದೆ. ಸಾರಿಗೆ ಒಗ್ಗರಣೆ ಹಾಕಿ ಸೊಪ್ಪಿಗೆ ಕಾಯುವ ಧೈರ್ಯವನ್ನು ನಮ್ಮ ಹೆಂಗಸರಿಗೂ, ಈಚೆಗೆ ಅಡುಗೆ ಕಲಿತ ಗಂಡಸರಿಗೂ ಕೊಟ್ಟವರು ಇವರೇ. ಗುಟ್ಟು ಮಾಯೆಯಲ್ಲ. ನಮ್ಮದೇ ಬಡಾವಣೆಯ ಹಿಂದಿನ ರಸ್ತೆಯಲ್ಲಿ ಗಿರಾಕಿಗಳಿಗೆ ಪ್ರವೇಶವಿಲ್ಲದ ಒಂದು ಅಂಗಡಿ ಇರುತ್ತದೆ, ಅದನ್ನು ಡಾರ್ಕ್ ಸ್ಟೋರ್ ಎನ್ನುತ್ತಾರೆ. ಯಾವ ಬಡಾವಣೆ ಯಾವ ಹೊತ್ತಿಗೆ ಏನು ತಿನ್ನುತ್ತದೆ ಎಂಬ ಲೆಕ್ಕ ಕಂಪ್ಯೂಟರಿನಲ್ಲಿರುತ್ತದೆ, ಅದರಂತೆ ಸರಕು ಮೊದಲೇ ಬಂದು ಕೂತಿರುತ್ತದೆ. ನಾವು ಆರ್ಡರ್ ಮಾಡುವುದು ಬರೀ ಶಾಸ್ತ್ರಕ್ಕೆ.

ಇಲ್ಲೊಂದು ತಮಾಷೆ ನಡೆದಿದೆ. ‘ನಾನು ಬರೀ ಜಾಗ ಕೊಟ್ಟವನು’ ಎಂದು ಹತ್ತು ವರ್ಷ ಹಾಡಿದವರಿಗೆ ಈಗ ಜಾಗ ಕೊಟ್ಟು ಸಾಕಾಗಿದೆ. ಬ್ಲಿಂಕಿಟ್‌ನ ಒಡೆಯ ಕಂಪನಿ ಎಟರ್ನಲ್ (ಅದೇ ಹಳೆಯ ಜೊಮ್ಯಾಟೊ) 2025ರಲ್ಲಿ ವಿದೇಶಿ ಪಾಲು ಶೇ. 49.5 ಮೀರದಂತೆ ತನಗೆ ತಾನೇ ಕಟ್ಟುಹಾಕಿಕೊಂಡಿತು. ಯಾಕೆ ಗೊತ್ತೆ? ಹಾಗಾದರೆ ಅದು ಭಾರತೀಯರ ಕಂಪನಿ ಎನಿಸಿಕೊಳ್ಳುತ್ತದೆ, ಸರಕನ್ನು ತಾನೇ ಕೊಂಡಿಟ್ಟು ತಾನೇ ಮಾರಬಹುದು. ಸುಂಕದವನು ಚೀಟಿ ಪುಸ್ತಕ ಬದಿಗಿಟ್ಟು ತಕ್ಕಡಿ ಹಿಡಿದು ಕೂತ! ಆರು ವರ್ಷ ಅಂಗಡಿಕಾರರಾಗಿದ್ದವರು ನಿಯಮಕ್ಕೆ ಹೆದರಿ ಸಂತೆಯಾದರು, ಈಗ ನಿಯಮ ಓದಿ ಸಂತೆಯವರು ಅಂಗಡಿಯಾಗುತ್ತಿದ್ದಾರೆ. ನಮ್ಮ ಬೀದಿಯ ಮೂಲೆಯ ಶೆಟ್ಟರು ಮಾತ್ರ ಮೊದಲಿಂದಲೂ ಅಂಗಡಿಯೇ ಆಗಿದ್ದಾರೆ, ಅವರಿಗೆ ಯಾರೂ ಬಂಡವಾಳ ಹಾಕಿಲ್ಲ.

ಹತ್ತು ನಿಮಿಷದಲ್ಲಿ ಓಡಿ ಬರುವ ಹುಡುಗನೂ ಇವರ ಲೆಕ್ಕದಲ್ಲಿ ನೌಕರನಲ್ಲ, ‘ಪಾಲುದಾರ’. ಪಾಲು ಯಾವುದರಲ್ಲಿ ಎಂದು ಕೇಳಬಾರದು. ಮಳೆ, ಟ್ರಾಫಿಕ್ಕು, ಬೀದಿನಾಯಿಗಳಲ್ಲಿ ಅವನದು ಪೂರ್ತಿ ಪಾಲು. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಪ್ರತಿ ವ್ಯವಹಾರದಲ್ಲಿ ಆ ಹುಡುಗನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಸುಂಕದವನಿಗೇ ಸುಂಕ! ಕೇಳಲು ಹಿತವಾಗಿದೆ. ಆದರೆ ಆ ಸುಂಕ ಮುಂದೊಂದು ದಿನ ನಮ್ಮ ಬಿಲ್ಲಿನ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ಬಂದು ಕೂರುವುದಿಲ್ಲ ಎಂದು ನಾನಂತೂ ಬಾಜಿ ಕಟ್ಟುವುದಿಲ್ಲ.

ಸುಂಕದವನೇ ಇಲ್ಲದ ಸಂತೆ ಮಾಡಿಬಿಟ್ಟರೆ ಹೇಗೆ ಎಂದು ಯೋಚಿಸಿದವರೂ ಇದ್ದಾರೆ. ಒಎನ್‌ಡಿಸಿ ಎಂಬುದು ಅಂಥ ಪ್ರಯತ್ನ. 2021ರ ಕೊನೆಯ ದಿನ ಕಂಪನಿಯಾಗಿ ಹುಟ್ಟಿ, 2022ರ ಸೆಪ್ಟೆಂಬರ್ 30ರಂದು ಮೊದಲು ನಮ್ಮ ಬೆಂಗಳೂರಿನ ಜನಸಾಮಾನ್ಯರಿಗೆ ತೆರೆದುಕೊಂಡಿತು. ಇದರಲ್ಲಿ ಕೊಳ್ಳುವವನು ಒಂದು ಆಪ್‌ನಲ್ಲಿ, ಮಾರುವವನು ಇನ್ನೊಂದರಲ್ಲಿ, ಸಾಗಿಸುವವನು ಮೂರನೆಯದರಲ್ಲಿ. ಯಾವ ಬ್ಯಾಂಕಿನ ದುಡ್ಡನ್ನು ಯಾವ ಆಪ್‌ನಿಂದಲಾದರೂ ಕಳಿಸಲು ಯುಪಿಐ ಬಿಟ್ಟಿತಲ್ಲ, ಹಾಗೆ ಯಾವ ಅಂಗಡಿಯ ಸರಕು ಯಾವ ಆಪ್‌ನಲ್ಲಾದರೂ ಸಿಗಲಿ ಎಂಬುದು ಆಸೆ. 2023ರ ಮೇ ತಿಂಗಳಲ್ಲಿ ಊಟ ಅರ್ಧಕ್ಕರ್ಧ ಅಗ್ಗ ಎಂಬ ಸ್ಕ್ರೀನ್‌ಶಾಟುಗಳು ಹರಿದಾಡಿದಾಗ ಜನ ಮುಗಿಬಿದ್ದರು, ರಿಯಾಯಿತಿ ಕರಗಿದಾಗ ಜನವೂ ಕರಗಿದರು. ಆಸೆಯ ಬಗ್ಗೆ ನನಗೆ ಗೌರವವಿದೆ. ತೊಡಕು ಏನೆಂದರೆ, ಇಡ್ಲಿಗೆ ಚಟ್ನಿ ಬರದಿದ್ದರೆ ಮೂವರಲ್ಲಿ ಯಾರನ್ನು ಬೈಯಬೇಕು? ಒಬ್ಬನೇ ಸುಂಕದವನಿದ್ದಾಗ ಕೇಳಿಸಿಕೊಳ್ಳದಿದ್ದರೂ ಬೈಯಲು ಒಂದು ಮುಖವಿತ್ತು.

ಒಎನ್‌ಡಿಸಿಯಲ್ಲಿ ಬೆಂಗಳೂರಿಗರ ಬಾಯಲ್ಲಿ ಉಳಿದ ಹೆಸರು ಸೊಪ್ಪಿನದಲ್ಲ, ಆಟೊದ್ದು. 2022ರ ನವೆಂಬರಿನಲ್ಲಿ ಬಂದ ‘ನಮ್ಮ ಯಾತ್ರಿ’ ಆಪ್ ಚಾಲಕರಿಂದ ಕಮಿಷನ್ ಬೇಡವೆಂದಿತು. ಆಮೇಲೆ ದಿನಕ್ಕೆ 25 ರೂಪಾಯಿ ಎಂದು ಗೊತ್ತುಮಾಡಿತು. ಎಷ್ಟು ಬಾಡಿಗೆಯಾದರೂ ಹೊಡೆದುಕೊಳ್ಳಿ, ನಮಗೆ ಇಪ್ಪತ್ತೈದು. ಮುಂದೆ ರ‍್ಯಾಪಿಡೊ, ಊಬರ್, ಓಲಾ ಕೂಡ ಆಟೊಗಳಿಗೆ ಇದೇ ಜಾಡು ಹಿಡಿದವು. ಪತ್ರಿಕೆಗಳು ಇದನ್ನು ಹೊಸ ಬಿಸಿನೆಸ್ ಮಾಡೆಲ್ ಎಂದು ಬರೆದವು. ನಮ್ಮ ಅತ್ತೆಯವರಿಗೆ ವಿವರಿಸಿದರೆ, ‘ಇದರಲ್ಲೇನು ಹೊಸದು? ನೆಲಬಾಡಿಗೆ ಚೀಟಿ. ನಮ್ಮಪ್ಪ ಸಂತೆಯಲ್ಲಿ ಬೆಲ್ಲ ಮಾರೋವಾಗ ಹಿಂಗೇ ಕೊಡ್ತಿದ್ರು’ ಎಂದು ಕುಂಟಾಬಿಲ್ಲೆಯಷ್ಟು ಸುಲಭ ಮಾಡಿಬಿಟ್ಟರು. ಶೇಕಡಾ ಲೆಕ್ಕ, ಕ್ಲಿಕ್ಕಿನ ಹರಾಜು ಎಂದೆಲ್ಲ ಸುತ್ತಿ ಐಐಟಿಯ ಬುದ್ಧಿ ಬಂದು ನಿಂತದ್ದು ಪಂಚಾಯ್ತಿ ಚೀಟಿಯ ಹತ್ತಿರ.

ಸಣ್ಣವರಿಗೆ ಬಾಗಿಲು ಸ್ವಲ್ಪ ಅಗಲವಾಗಿದೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಬರೀ ಕೊಂಕಾದೀತು. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಿಂದ ಕನ್ನಡದಲ್ಲಿ ಸಿಗುತ್ತವೆ. 2023ರ ಅಕ್ಟೋಬರಿನಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳೂ ಆನ್‌ಲೈನಿನಲ್ಲಿ ಮಾರಬಹುದು, ಆದರೆ ರಾಜ್ಯದೊಳಗೆ ಮಾತ್ರ. ಇದನ್ನು ಕೇಳಿ ನಮ್ಮ ಹುಡುಗ ನಕ್ಕ. ಖಣಕ್ಕೆ ಜೀವ ಬಿಡುವವರು ಮಹಾರಾಷ್ಟ್ರದವರು. ‘ಸಾಂಗಲಿ ನಮ್ಮ ಮನಿಗೆ ಬೆಂಗಳೂರಿಗಿಂತ ಹತ್ತರ ಐತ್ರಿ ಕಾಕಾ. ಬಸ್ಸಿನ್ಯಾಗ ಹೋಗಿ ಕೊಟ್ಟರ ವ್ಯಾಪಾರ, ಮೊಬೈಲ್‌ನ್ಯಾಗ ಕೊಟ್ಟರ ಅಪರಾಧ’ ಅಂದ. ಅವನು ನೋಂದಣಿ ಮಾಡಿಸಿದ್ದಾನೆ, ಆದ್ದರಿಂದ ಈ ಮಾತು ಅಕ್ಕಪಕ್ಕದ ಮಗ್ಗದವರ ಪರವಾಗಿ.

ಈಗ ಎಲ್ಲಕ್ಕಿಂತ ಹೊಸ ಗಿರಾಕಿ ಸಂತೆಗೆ ಬರುತ್ತಿದ್ದಾನೆ, ಅವನಿಗೆ ಕೈಕಾಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದವರಿಗೆ ಚಾಟ್‌ಜಿಪಿಟಿಯೊಡನೆ ಮಾತಾಡುತ್ತಾ ಮಾತಾಡುತ್ತಾ ಅಲ್ಲೇ ಎಟ್ಸಿ ಸಂತೆಯ ಸಾಮಾನು ಕೊಳ್ಳುವ ಸೌಕರ್ಯ ಬಂತು. ಮರುತಿಂಗಳೇ ಇಲ್ಲಿ ಯುಪಿಐ ಕಟ್ಟಿ ಅಂಥದ್ದೇ ಪ್ರಯೋಗ ಶುರುವಾಯಿತು, ಬಿಗ್‌ಬಾಸ್ಕೆಟ್ ಅದರಲ್ಲಿ ಮೊದಲಿಗರ ಸಾಲಿನಲ್ಲಿತ್ತು. ‘ಶುಕ್ರವಾರ ಆರು ಜನ ಊಟಕ್ಕೆ, ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಈರುಳ್ಳಿ ಆಗದು’ ಎಂದರೆ ಸಾಕು, ಯಂತ್ರ ತಾನೇ ಪಟ್ಟಿ ಬರೆದು ತಾನೇ ಕೊಂಡು ತರುವ ದಿನ ದೂರವಿಲ್ಲವಂತೆ. ಈ ಸುದ್ದಿ ಕೇಳಿ ನನಗೆ ಮೊದಲು ಅಯ್ಯೋ ಅನಿಸಿದ್ದು ಸುಂಕದವನ ಬಗ್ಗೆ. ಯಂತ್ರಕ್ಕೆ ಪ್ರಾಯೋಜಿತದ ಆಸೆಯಿಲ್ಲ. ‘ಎರಡೇ ಉಳಿದಿವೆ’ ಎಂದರೆ ಎದೆ ಹೊಡೆದುಕೊಳ್ಳುವುದಿಲ್ಲ. ಅದರ ಕಣ್ಣೋಟಕ್ಕೆ ಸವಾಲು ಕೂಗಿ ಏನು ಬಂತು? ಅಮೆಜಾನಿಗೂ ಹಾಗೇ ಅನಿಸಿರಬೇಕು. ಪರ್‌ಪ್ಲೆಕ್ಸಿಟಿ ಎಂಬ ಕಂಪನಿಯ ಯಂತ್ರ ಮನುಷ್ಯರ ವೇಷದಲ್ಲಿ ತನ್ನ ಸಂತೆಗೆ ಬಂದು ಕೊಳ್ಳುತ್ತಿದೆ ಎಂದು 2025ರ ನವೆಂಬರಿನಲ್ಲಿ ಕೋರ್ಟಿಗೆ ಹೋಯಿತು. ಬಂದ ಗಿರಾಕಿ ದುಡ್ಡು ಕೊಟ್ಟೇ ಕೊಳ್ಳುತ್ತಿದ್ದಾನೆ, ಆದರೂ ಸಂತೆಯವನು ಪೊಲೀಸರನ್ನು ಕರೆಯುತ್ತಿದ್ದಾನೆ ಎಂದರೆ ಸಂಪಾದನೆ ಎಲ್ಲಿದೆ ಎಂದು ಯಾರು ಬೇಕಾದರೂ ಊಹಿಸಬಹುದು.

ಹೋದ ಸಲ ಬಂದಾಗ ಹುಡುಗನಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿ, ‘ಇನ್ನು ನಿನಗೆ ಬೋಲಿಯ ಕಾಟ ತಪ್ಪಿತು ಬಿಡಪ್ಪ, ಯಂತ್ರ ನಿಜವಾದ ಖಣ ಯಾವುದು ಅಂತ ನೋಡಿಯೇ ತಗೊಳ್ಳುತ್ತೆ’ ಅಂದೆ. ಅವನು ಮಾತಾಡದೆ ಮೊಬೈಲು ತೆಗೆದು ಒಂದು ಇಮೇಲ್ ತೋರಿಸಿದ. ಯಾರೋ ಬರೆದಿದ್ದರು: ಕೊಳ್ಳುವ ಯಂತ್ರಗಳು ಇನ್ನು ಮುಂದೆ ನಿಮ್ಮ ಸರಕನ್ನೇ ಆರಿಸುವಂತೆ ಅದರ ವಿವರಗಳನ್ನು ತಿದ್ದಿ, ಒಪ್ಪವಾಗಿ ಇಟ್ಟುಕೊಡುತ್ತೇವೆ. ತಿಂಗಳಿಗಿಷ್ಟು ಶುಲ್ಕ, ಮೊದಲ ತಿಂಗಳು ಉಚಿತ, ಈ ಕೊಡುಗೆ ಇವತ್ತು ಮಧ್ಯರಾತ್ರಿಯವರೆಗೆ ಮಾತ್ರ.

‘ಸೇರಿದೆಯಾ?’ ಅಂದೆ.

‘ಸೇರದೆ ಏನ್ ಮಾಡೋದ್ರಿ ಕಾಕಾ, ಆ ಪಾಲಿಯೆಸ್ಟರ್‌ನಾಂವ ನಿನ್ನೇನ ಸೇರ್ಯಾನ.’